ಸುಳ್ಳು ಕೂಗು

ಎರಡು ವರ್ಷದ ಹಿಂದೆ ನಾನೊಂದು ಭಾಷೆ ಕಟ್ಟಿದೆ. ಭೂಮಿಯ ಮೇಲೆ ಯಾರೂ ಆಡದ ಭಾಷೆ. ಬೆಂಗಳೂರಿನವರು ತೆಗೆಯುತ್ತಿದ್ದ ಒಂದು ವೆಬ್ ಸರಣಿಯಲ್ಲಿ ಬೇರೆ ಗ್ರಹದಿಂದ ಇಳಿದುಬರುವ ಜೀವಿಗಳು ಅದನ್ನು ಆಡಬೇಕಾಗಿತ್ತು. ನಾನು ಕೊಡಿಗೇನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ನಿಂತೇ ಹೋಗಿಬರುತ್ತೇನೆ. ನಮ್ಮ ಕಡೆಯ ಮಾತಿನ ಬಗ್ಗೆ ಎಲ್ಲೋ ಮಾಡಿದ ಭಾಷಣದ ವಿಡಿಯೊ ಆ ಸರಣಿಯ ನಿರ್ದೇಶಕನ ಕಣ್ಣಿಗೆ ಬಿತ್ತು. ಬೀಳದಿದ್ದರೆ ಎಷ್ಟು ಚೆನ್ನಾಗಿತ್ತು.

ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಆರಲಿ, ಆಮೇಲೆ ಬರೆಯೋಣ ಎಂದು ಬಹಳ ದಿನ ಕಾದೆ. ಆರಲಿಲ್ಲ.

"ಮೇಡಂ, ಅವು ಹಿಂಡಾಗಿ ಬದುಕೋ ಜೀವಿಗಳು. ನೀರು ಕಮ್ಮಿ ಇರೋ ಗ್ರಹ. ಕೇಳಿದ ತಕ್ಷಣ ಇದು ಮನುಷ್ಯರ ಭಾಷೆ ಅಲ್ಲ ಅನ್ನಿಸ್ಬೇಕು. ಆದ್ರೆ ಸುಮ್ನೆ ಗದ್ದಲ ಆಗ್ಬಾರ್ದು, ಒಳಗೆ ವ್ಯಾಕರಣ ಇರ್ಬೇಕು" ಎಂದು ನಿರ್ದೇಶಕ ಫೋನಿನಲ್ಲಿ ಹೇಳಿದ. ವ್ಯಾಕರಣ ಅಂದರೆ ಆಕಳಿಸುವ ಮಕ್ಕಳನ್ನೇ ಇಪ್ಪತ್ತು ವರ್ಷ ನೋಡಿದ್ದೇನೆ. ಒಬ್ಬ ಮನುಷ್ಯ ತಾನಾಗಿ ಬಂದು ವ್ಯಾಕರಣ ಕೊಡಿ ಅನ್ನುತ್ತಾನಲ್ಲ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ.

ಧ್ವನಿಗಳನ್ನು ಎಲ್ಲಿಂದ ತರುವುದು? ಕ ಖ ಗ ಘ ಎಲ್ಲ ಮನುಷ್ಯರು ಮನುಷ್ಯರ ಜೊತೆ ಆಡುವ ಧ್ವನಿಗಳು. ಒಂದು ವಾರ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಮ್ಮ ಜನ ದನ ಕುರಿಗಳ ಜೊತೆ ಬೆಳಗಿನಿಂದ ಸಂಜೆಯವರೆಗೂ ಮಾತಾಡುತ್ತಾರೆ, ಅದರಲ್ಲಿ ಒಂದು ಧ್ವನಿಯೂ ನಮ್ಮ ವರ್ಣಮಾಲೆಯಲ್ಲಿಲ್ಲ. ಎತ್ತು ಹೆಜ್ಜೆ ಎತ್ತಲಿ ಎಂದು ನಾಲಿಗೆಯನ್ನು ಕೆನ್ನೆಯ ಒಳಬದಿಗೆ ಒತ್ತಿ ಲೊಚಗುಟ್ಟುತ್ತಾರೆ. ನಿಲ್ಲಲಿ ಎಂದು ತುಟಿ ನಡುಗಿಸಿ ಉಸಿರು ಬಿಡುತ್ತಾರೆ. ನೀರು ಕುಡಿಯುವಾಗ ಪಕ್ಕದಲ್ಲಿ ನಿಂತು ಸಣ್ಣಗೆ ಸಿಳ್ಳೆ ಹಾಕುತ್ತಾರೆ. ಹಾಕದಿದ್ದರೆ ಕೆಲವು ಎತ್ತುಗಳು ತೊಟ್ಟಿಗೆ ಮೂತಿ ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತವೆ. ಉಸಿರನ್ನು ಹೊರಗೆ ಬಿಡದೆ ಒಳಗೆ ಎಳೆದುಕೊಂಡು ಮಾಡುವ ಧ್ವನಿ ಇನ್ನೊಂದಿದೆ, ಮರಿಗಳನ್ನು ತಾಯಿಗೆ ಬಿಡುವಾಗ ಮಾಡುವಂಥದ್ದು. ಇವಕ್ಕೆ ಅಕ್ಷರವಿಲ್ಲ, ನಿಘಂಟಿಲ್ಲ, ಪರೀಕ್ಷೆಯಲ್ಲಿ ಕೇಳುವವರಂತೂ ಇಲ್ಲವೇ ಇಲ್ಲ. ಓದದ ಮಕ್ಕಳನ್ನು ನಾವು ಮೇಷ್ಟರುಗಳು 'ಕುರಿ ಕಾಯೋಕೆ ಲಾಯಕ್ಕು' ಎಂದು ಬೈಯುತ್ತೇವಲ್ಲ, ಆ ಬೈಗುಳ ಬೈಯುವ ಒಬ್ಬರಿಗೂ ಒಂದು ಕುರಿಯನ್ನು ಹತ್ತಿರಕ್ಕೆ ಕರೆಯಲು ಬರುವುದಿಲ್ಲ. ನನಗೂ ಬರುವುದಿಲ್ಲ.

ಬರುತ್ತಿದ್ದದ್ದು ನನ್ನ ಸೋದರಮಾವನಿಗೆ. ಬರಗೂರಿನಲ್ಲಿ ಬಸ್ಸಿಳಿದು ಮೂರು ಮೈಲಿ ನಡೆದರೆ ಅವನ ಊರು. ಎಪ್ಪತ್ತರ ಹತ್ತಿರದ ಮನುಷ್ಯ, ಹಲ್ಲು ಬಿದ್ದು ಮತ್ತೆ ಬರುವ ವಯಸ್ಸಿನಿಂದ ಕುರಿ ಕಾದವನು. ಅವನಿಗೆ ಅವನದೇ ಒಂದು ಕೂಗಿತ್ತು. ನಮ್ಮ ಕಡೆ ಕುರಿ ಕಾಯುವ ಒಬ್ಬೊಬ್ಬರಿಗೂ ಒಂದೊಂದು ಕೂಗು. ಕೆರೆಯ ಅಂಗಳದಲ್ಲಿ ನಾಲ್ಕು ಜನರ ಮಂದೆ ಬೆರೆತು ಯಾವುದು ಯಾರದೆಂದು ತಿಳಿಯದ ಹಾಗೆ ಮೇಯುತ್ತಿರುತ್ತವೆ. ಮಾವ ಏರಿಯ ಮೇಲೆ ನಿಂತು ಒಂದೇ ಒಂದು ಸಲ ಕೂಗಿದರೆ ಅವನವು ಮಾತ್ರ ತಲೆ ಎತ್ತಿ, ಹಾಜರಿ ಕರೆದಾಗ ಏಳುವ ಮಕ್ಕಳ ಹಾಗೆ, ಬೇರೆಯಾಗಿ ಬಂದುಬಿಡುತ್ತಿದ್ದವು. ಆ ಕೂಗು ಹೇಗಿತ್ತೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ವಿವರಿಸುವ ಹಕ್ಕು ಕಳೆದುಕೊಂಡಿದ್ದೇನೆ.

ಎಂಟೊಂಬತ್ತು ವರ್ಷದವಳಿದ್ದಾಗ ರಜಕ್ಕೆ ಹೋಗಿದ್ದ ನಾನು ಆಟಕ್ಕೆ ಆ ಕೂಗನ್ನು ಅಣಕಿಸಿದ್ದೆ. ನನ್ನ ಎಳೆಯ ಗಂಟಲಿಗೇ ಐದಾರು ಕುರಿ ಓಡಿಬಂದು ನನ್ನ ಕೈ ಮೂಸಿದವು. ನಾನು ನಕ್ಕೆ. ಮಾವ ಬಂದು ಕೆನ್ನೆಗೆ ಬಿಟ್ಟ. ಅವನು ನನ್ನನ್ನು ಹೊಡೆದದ್ದು ಅದೊಂದೇ ಸಲ. ಆಮೇಲೆ ನನ್ನನ್ನೇ ಮನೆಗೆ ಓಡಿಸಿ ಕಲ್ಲುಪ್ಪು ತರಿಸಿದ, ಬಂದ ಅಷ್ಟೂ ಕುರಿಗಳಿಗೆ ನನ್ನ ಕೈಯಿಂದಲೇ ನೆಕ್ಕಿಸಿದ. "ಸುಳ್ಳು ಕೂಗು ಕೂಗ್ಬಾರ್ದು ಕಣವ್ವ. ಕೂಗಿದ್ ಮ್ಯಾಕೆ ಏನಾರ ಕೊಡ್ಬೇಕು. ಉಪ್ಪೋ, ನೀರೋ, ನೆಳ್ಳೋ. ಬರಿಗೈಲಿ ಕೂಗಿದ್ರೆ ನಾಳಿಕ್ಕೆ ಅವು ನಂಬಾಕಿಲ್ಲ" ಅಂದ.

ಈ ಮಾತಿನ ಮೇಲೆಯೇ ನಾನು ವ್ಯಾಕರಣ ಕಟ್ಟಿದೆ.

ಎಷ್ಟು ಖುಷಿಯಿಂದ ಕಟ್ಟಿದೆನೆಂದರೆ, ಈಗ ಹೇಳಲು ನಾಚಿಕೆಯಾಗುತ್ತದೆ. ನನ್ನ ಜೀವಿಗಳ ಭಾಷೆಯಲ್ಲಿ 'ನಾನು' ಇಲ್ಲ. 'ನಾವು' ಒಂದೇ, ಅದೂ ಒಂದು ಒಳಗೆಳೆದ ಉಸಿರು. ಕ್ರಿಯಾಪದ ಮೊದಲು ಬರುತ್ತದೆ, ಯಾಕೆಂದರೆ ಹಿಂಡಿಗೆ ಏನು ಮಾಡಬೇಕೆಂಬುದು ಮೊದಲು ತಿಳಿಯಬೇಕು, ಹೇಳಿದವರು ಯಾರೆಂಬುದು ಆಮೇಲೆ. ಕಾಲವಿಲ್ಲ, ದೂರವಿದೆ. ನಿನ್ನೆ ಅನ್ನುವುದಕ್ಕೆ 'ಗುಡ್ಡದಾಚೆ'. ನಾಳೆ ಅನ್ನುವುದಕ್ಕೆ 'ಇನ್ನೂ ಮೇಯದ ಕಡೆ'. ಸತ್ತವರ ಬಗ್ಗೆ 'ಕೂಗಿಗೆ ಸಿಗದಷ್ಟು ದೂರ ಇದ್ದಾರೆ' ಅನ್ನುತ್ತಾರೆ. ಪ್ರತಿ ವಾಕ್ಯದ ಕೊನೆಗೆ ಒಂದು ಪ್ರತ್ಯಯ ಬರಲೇಬೇಕು, ಮಾತಾಡಿದವರು ಕೇಳಿದವರಿಗೆ ಏನು ಕೊಡುತ್ತಾರೆಂಬುದರ ಪ್ರತ್ಯಯ. ಉಪ್ಪಿಗೆ ಲೊಚಗುಟ್ಟುವುದು, ನೀರಿಗೆ ಸಿಳ್ಳೆ, ನೆರಳಿಗೆ ತುಟಿಯ ನಡುಕ. ಅದಿಲ್ಲದಿದ್ದರೆ ಕೇಳುವವರು ಅದನ್ನು ಮಾತು ಎಂದೇ ಲೆಕ್ಕಕ್ಕಿಡುವುದಿಲ್ಲ. ಆ ಭಾಷೆಯಲ್ಲಿ ಸುಳ್ಳು ಹೇಳುವುದಕ್ಕೆ ದಾರಿಯೇ ಇರಬಾರದೆಂದು ನನ್ನ ಆಸೆ.

ನಲವತ್ತು ಪುಟದ ಟಿಪ್ಪಣಿ ಕಳಿಸಿದೆ. "ಮೇಡಂ, ನೀವು ಜೀನಿಯಸ್" ಎಂದು ನಿರ್ದೇಶಕ ಉತ್ತರ ಹಾಕಿದ. ಅವನು ಎಷ್ಟು ಪುಟ ಓದಿದ್ದನೋ ದೇವರಿಗೇ ಗೊತ್ತು.

ಜೀವಿಗಳ ಮುಖ್ಯ ಕರೆಗೆ ಮಾವನ ಕೂಗು ಇರಲಿ ಎಂದು ಸೂಚಿಸಿದವಳೂ ನಾನೇ. ಯಾರೂ ಕೇಳಿರಲಿಲ್ಲ. ನಮ್ಮ ಮಾವನ ಗಂಟಲನ್ನು ಜಗತ್ತೇ ಕೇಳಲಿ ಎಂಬ ಹೆಮ್ಮೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಅದು ನಾನು.

ಮೊದಲು ಮಾವನನ್ನು ಬೆಂಗಳೂರಿನ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯೊಳಗೆ ಪಂಚೆ ಸರಿಮಾಡಿಕೊಂಡು ನಿಂತ. ಮೈಕು ನೋಡಿದ, ನನ್ನನ್ನು ನೋಡಿದ, ಕೂಗಲಿಲ್ಲ. "ಕುರಿ ಇಲ್ದೆ ಯಾರ್ನ ಕೂಗ್ಲವ್ವ? ಗೋಡೇನಾ?" ಎಂದು ಕೇಳಿದ. ಹೊರಗೆ ಕೂತಿದ್ದವರು ನಕ್ಕರು. ನನಗೂ ನಗು ಬಂತು. ಅವನು ತಮಾಷೆ ಮಾಡುತ್ತಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಆದರೂ ನಕ್ಕೆ.

ಹಾಗಾಗಿ ಅವರೇ ಊರಿಗೆ ಬಂದರು. ನಿರ್ದೇಶಕ, ಧ್ವನಿ ಹಿಡಿಯುವವನು, ಕೈಕೆಲಸದ ಇಬ್ಬರು ಹುಡುಗರು, ಕಾರಿನ ತುಂಬ ಸಾಮಾನು. ಅತ್ತೆ ಬೆಳಗ್ಗೆಯೇ ಎದ್ದು ಮುದ್ದೆ, ಹುರುಳಿಕಾಳಿನ ಸಾರು ಮಾಡಿ ಬಡಿಸಿದಳು. ಹೊರಡುವಾಗ ಇರಲಿ ಎಂದು ಕಡ್ಲೆಕಾಯಿ ಹುರಿದು ಕಟ್ಟಿಟ್ಟಳು. ಊಟ ಮುಗಿಸಿ ಎಲ್ಲರೂ ಕೆರೆಯ ಏರಿಗೆ ಹೋದೆವು. ಮಾವ ಸೊಂಟದ ಚೀಲದಲ್ಲಿ ಉಪ್ಪು ತುಂಬಿಕೊಂಡಿದ್ದ. ಮೊದಲ ಸಲ ಕೂಗಿದಾಗ ಮಂದೆ ಧೂಳೆಬ್ಬಿಸಿಕೊಂಡು ಓಡಿಬಂತು. ಅವನು ಬಂಡೆಯ ಮೇಲೆ ಉಪ್ಪು ಚೆಲ್ಲಿದ, ಅವು ನೆಕ್ಕಿದವು. ನೋಡಲು ಎಷ್ಟು ಚೆನ್ನಾಗಿತ್ತು!

ಧ್ವನಿಯವನು ಕಿವಿಯಿಂದ ಹೆಡ್‌ಫೋನ್ ತೆಗೆದು ಮುಖ ಕಿವಿಚಿದ. ಗಂಟೆ, ಅರಚಾಟ, ನೆಕ್ಕುವ ಸದ್ದು ಎಲ್ಲ ಬಂದುಬಿಟ್ಟಿದೆ, ಕೂಗು ಮಾತ್ರ ಬೇಕು ಅಂದ. ನಿರ್ದೇಶಕ ನನ್ನ ಹತ್ತಿರ ಬಂದು, "ಮೇಡಂ, ಉಪ್ಪು ಬೇಡ ಅನ್ನಿ. ಕುರಿ ದೂರ ಇರ್ಲಿ. ಇವ್ರು ಕೂಗ್ಲಿ, ಅವು ಹತ್ರ ಬರೋಷ್ಟ್ರಲ್ಲಿ ನಮ್ಮ ಹುಡುಗ್ರು ವಾಪಸ್ ಅಟ್ಟಿಬಿಡ್ತಾರೆ. ಮತ್ತೆ ಕೂಗ್ಲಿ. ನಾಲ್ಕೈದು ಟೇಕ್ ಅಷ್ಟೆ" ಎಂದ.

ಮಾವನಿಗೆ ಕೇಳಿಸಿತ್ತು. ಅವನು ನಿರ್ದೇಶಕನ ಕಡೆ ತಿರುಗಲೇ ಇಲ್ಲ, ನನ್ನ ಮುಖವನ್ನೇ ನೋಡಿದ. ಬೇಡ ಅನ್ನು ಎಂದು ಆ ಕಣ್ಣು ಹೇಳುತ್ತಿತ್ತು. ಬೇಡ ಎಂದು ಅವನೇ ಹೇಳಬಹುದಿತ್ತು, ಹೇಳಲಿಲ್ಲ. ಮನೆಗೆ ಬಂದು ಉಂಡವರು, ಅಕ್ಕನ ಮಗಳು ಕರೆತಂದವರು, ಅವರ ಮುಂದೆ ಅವಳ ಮಾತು ಕೆಳಗೆ ಬೀಳಬಾರದು. ನಮ್ಮ ಜನ ಇಂಥದಕ್ಕೇ ಹಾಳಾಗುವುದು. ಸ್ವಂತ ಕುತ್ತಿಗೆ ಕೊಯ್ದರೂ ಸರಿ, ನೆಂಟರ ಮುಂದೆ ಇಲ್ಲ ಅನ್ನಬಾರದು!

"ಮಾವ, ಇವತ್ತೊಂದಿನ" ಅಂದೆ.

ಎರಡೇ ಪದ. ನಲವತ್ತು ಪುಟ ವ್ಯಾಕರಣ ಬರೆದವಳ ಬಾಯಲ್ಲಿ.

ಅವನು ಸೊಂಟದ ಚೀಲ ಬಿಚ್ಚಿ ನೆಲದ ಮೇಲಿಟ್ಟ. ಕೂಗಿದ. ಅವು ಓಡಿಬಂದವು, ಅಟ್ಟಿದರು. ಮತ್ತೆ ಕೂಗಿದ, ಮತ್ತೆ ಬಂದವು, ಮತ್ತೆ ಅಟ್ಟಿದರು. ನಾಲ್ಕೈದು ಅಂದದ್ದು ಇಪ್ಪತ್ತು ದಾಟಿತು. ವಿಮಾನ ಹೋಯಿತು ಎಂದು ಒಂದು ಸಲ, ಗಾಳಿ ಬಂತು ಎಂದು ಒಂದು ಸಲ, ಇನ್ನೂ ಸ್ವಲ್ಪ ನೋವಿರಲಿ ಎಂದು ಒಂದು ಸಲ. ಮಂದೆಯ ಮುಂದೆ ನಡೆಯುವ ಒಂದು ಹಳೇ ಕುರಿಯಿತ್ತು, ಎಡಗಿವಿ ಸೀಳಿದ್ದು. ಎಲ್ಲವೂ ಅದರ ಹಿಂದೆಯೇ ಹೋಗುತ್ತಿದ್ದವು. ಏಳೆಂಟನೆಯ ಸಲ ಅದು ಅರ್ಧ ದಾರಿಗೆ ಬಂದು ನಿಂತು, ಮಾವನ ಕಡೆ ಸ್ವಲ್ಪ ಹೊತ್ತು ನೋಡಿ, ತಲೆ ತಗ್ಗಿಸಿ ಮೇಯತೊಡಗಿತು. ಆಮೇಲೆ ಅವನು ಎಷ್ಟು ಕೂಗಿದರೂ ತಲೆ ಎತ್ತಲಿಲ್ಲ.

"ಸೂಪರ್! ಈಗ ಕ್ಲೀನ್ ಆಗಿ ಬರ್ತಿದೆ" ಎಂದು ಧ್ವನಿಯವನು ಹೆಬ್ಬೆರಳೆತ್ತಿದ.

ಸಂಜೆ ಮಾವನಿಗೆ ಗಂಟಲು ಕಟ್ಟಿತ್ತು. ಇದ್ದ ಉಪ್ಪನ್ನೆಲ್ಲ ಕುರಿ ಕೂಡುವ ರೊಪ್ಪದ ಮುಂದೆ ಸುರಿದ. ನೆಕ್ಕಲು ಬಂದವು, ಉಪ್ಪಿನ ವಾಸನೆಗೆ ಬಂದವು, ಅವನು ಕರೆದದ್ದಕ್ಕಲ್ಲ. ಸರಿಹೋಗುತ್ತದೆ ಬಿಡು ಎಂದು ನನಗೇ ಸಮಾಧಾನ ಹೇಳಿದ. ದಿನಾ ಎರಡು ಹೊತ್ತು ತಪ್ಪದೆ ಕೂಗಿ, ತಪ್ಪದೆ ಉಪ್ಪು ಕೊಟ್ಟು, ಎರಡು ತಿಂಗಳಿಗೆ ಸುಮಾರಾಗಿ ಸರಿಮಾಡಿಕೊಂಡೂ ಇದ್ದ. ಎಡಗಿವಿ ಸೀಳಿದ್ದು ಮಾತ್ರ ಕೂಗಿದ ಮೇಲೆ ಒಂದು ಗಳಿಗೆ ತಡೆದು, ನೋಡಿ, ಆಮೇಲೆ ಹೆಜ್ಜೆ ಇಡುತ್ತಿತ್ತಂತೆ.

ಅಷ್ಟರಲ್ಲಿ ಸರಣಿ ಬಂತು.

ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಹಾಕಿಕೊಂಡು ಕೂತೆ. ನನ್ನ ಪ್ರತ್ಯಯಗಳು ಒಂದೂ ಇರಲಿಲ್ಲ. ವಾಕ್ಯ ಉದ್ದವಾಗುತ್ತದೆಂದು ಕತ್ತರಿಸಿ ಎಸೆದಿದ್ದರು. ಕೊಡುವ ಮಾತನ್ನು ಕತ್ತರಿಸಿ, ಬರೀ ಕರೆಯುವ ಮಾತನ್ನು ಉಳಿಸಿಕೊಂಡಿದ್ದರು. ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಮೂರನೆಯ ಕಂತಿನಲ್ಲಿ ಆ ಜೀವಿಗಳು ಕತ್ತಲಲ್ಲಿ ಅಡಗಿ ಕೂತು ಮಾವನ ಗಂಟಲಲ್ಲಿ ಕೂಗುತ್ತವೆ. ಆ ಕೂಗಿನ ಮೋಹಕ್ಕೆ ಸಿಕ್ಕ ಮನುಷ್ಯರು ಮನೆ ಬಿಟ್ಟು ಹತ್ತಿರ ಹೋಗುತ್ತಾರೆ. ಹೋದವರನ್ನು ಅವು ಸಿಗಿದು ತಿನ್ನುತ್ತವೆ. ನಾನು ಕೂಗಿಸುವವರೆಗೆ ಅರವತ್ತು ವರ್ಷ ಒಂದು ಸಲವೂ ಬರಿಗೈಲಿ ಕೂಗದ ಮನುಷ್ಯನ ಗಂಟಲು, ಸ್ವಾಮಿ! ಅದನ್ನು ಒಯ್ದು ಕಟುಕರ ಬಾಯಿಗೆ ಇಟ್ಟಿದ್ದರು. ಕೊನೆಯಲ್ಲಿ 'ಅನ್ಯಗ್ರಹ ಭಾಷೆ' ಎಂದು ನನ್ನ ಹೆಸರು ಬಂತು. ಮೊಬೈಲನ್ನು ಗೋಡೆಗೆ ಬಡಿಯಬೇಕೆನ್ನಿಸಿತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ರೀತಿಯದೇ. ಕೂಗು ರೀಲ್ಸಿಗೆ ಹೋಯಿತು, ರಿಂಗ್‌ಟೋನ್ ಆಯಿತು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನ ಗಾಡಿಯವನ ಜೇಬಿನೊಳಗಿಂದ ಮಾವ ಕೂಗಿದ. ನನ್ನದೇ ತರಗತಿಯಲ್ಲಿ, ನಾನು ಹಲಗೆಯ ಕಡೆ ತಿರುಗಿದಾಗ, ಹಿಂದಿನ ಬೆಂಚಿನಿಂದ ಕೂಗಿದ. ಬರಗೂರಿನ ರಸ್ತೆಯಲ್ಲಿ ಬೈಕಿನ ಮೇಲೆ ಹೋಗುವವರಿಗೆ ಮಂದೆ ಕಂಡರೆ ಸಾಕು, ಫೋನು ತೆಗೆದು ಕೂಗು ಹಾಕುವುದು, ಕುರಿಗಳು ಕಿವಿ ನಿಮಿರಿಸುವುದನ್ನು ನೋಡಿ ಕೇಕೆ ಹಾಕಿ ನಗುವುದು, ಅದನ್ನೂ ವಿಡಿಯೊ ಮಾಡುವುದು. ಮೊದಮೊದಲು ಕುರಿಗಳು ಓಡುತ್ತಿದ್ದವಂತೆ. ಬರಬರುತ್ತ ಓಡುವುದನ್ನು ಬಿಟ್ಟವು. ಯಾರ ಕೂಗಿಗೂ ಓಡುವುದನ್ನು ಬಿಟ್ಟವು.

ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ಮಂದೆ ರಸ್ತೆ ದಾಟುತ್ತಿತ್ತಂತೆ. ಎಡಗಿವಿ ಸೀಳಿದ್ದು ನಡುರಸ್ತೆಯಲ್ಲಿ ಬಿದ್ದಿದ್ದ ಸೊಪ್ಪಿಗೆ ಬಾಯಿ ಹಾಕಿ ನಿಂತಿತು. ತಿರುವಿನಲ್ಲಿ ಗೂಡ್ಸ್ ಟೆಂಪೊ ಸದ್ದು ಕೇಳಿ ಮಾವ ಈಚೆಯಿಂದ ಕೂಗಿದ. ಗಂಟಲು ಹರಿಯುವ ಹಾಗೆ ಕೂಗಿದ. ಅದು ತಲೆ ಎತ್ತಿ ಅವನನ್ನು ನೋಡಿತಂತೆ. ನೋಡಿ, ಮತ್ತೆ ಸೊಪ್ಪಿಗೆ ಬಾಯಿ ಹಾಕಿತಂತೆ.

ನಾನು ಹೋಗುವ ಹೊತ್ತಿಗೆ ಕುರಿಯನ್ನು ಮಣ್ಣು ಮಾಡಿಯಾಗಿತ್ತು. ಮಾಂಸಕ್ಕೆ ಕೇಳಿಕೊಂಡು ಬಂದವರನ್ನು ಮಾವ ಕೈಸನ್ನೆಯಲ್ಲೇ ಕಳಿಸಿದನಂತೆ. ಅತ್ತೆ ಪಾವಗಡದ ಕಡೆಯವಳು, ಸಿಟ್ಟು ಬಂದರೆ ಅರ್ಧ ತೆಲುಗು. ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದಳು. "ಏಮಮ್ಮಾ, ಇದೇನಾ ನಿನ್ ಚದುವು? ಅಕ್ಕನ್ ಮಗ್ಳು ಓದವ್ಳೆ ಓದವ್ಳೆ ಅಂತ ಊರ್ ತುಂಬ ಯೋಳ್ಕಂಡ್ ತಿರುಗ್ತಿದ್ದ ನಿಮ್ಮಾವ. ಬೇಲೀನೆ ಎದ್ದು ಹೊಲ ಮೇದ್ಬುಡ್ತಲ್ಲಮ್ಮ! ಅವುನ್ ತಾವ ಇದ್ದಿದ್ದು ಅದೊಂದೇ ಕಣಮ್ಮ, ಗೊಂತು" ಎಂದು ತನ್ನ ಗಂಟಲು ಮುಟ್ಟಿ ತೋರಿಸಿದಳು.

ಮಾವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಉಂಡು ಹೋಗವ್ವ ಅಂದ. ಅವನ ಸಮಾಧಾನ ನೋಡಿ ನನಗೆ ಅವನ ಮೇಲೂ ಸಿಟ್ಟು ಬಂತು. ಅವತ್ತು ಏರಿಯ ಮೇಲೆ ಒಂದು ಮಾತು ಬೇಡ ಅನ್ನಲು ನಿನಗೇನಾಗಿತ್ತು ಎಂದು ಕೇಳಬೇಕೆನ್ನಿಸಿತು. ಯಾವ ಮುಖ ಇಟ್ಟುಕೊಂಡು ಕೇಳಲಿ?

ಮಧುಗಿರಿಗೆ ಬಂದ ರಾತ್ರಿಯೇ ನಿರ್ದೇಶಕನಿಗೆ ನಡೆದದ್ದನ್ನೆಲ್ಲ ಬರೆದೆ. ಆ ಕೂಗನ್ನು ಸರಣಿಯಿಂದ ತೆಗೆಯಿರಿ ಎಂದು ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಕೈ ಮುಗಿದ ಚಿತ್ರ, ಅಳುವ ಮುಖದ ಚಿತ್ರ, ಆಮೇಲೆ ಮಾತು: "ತುಂಬಾ ಬೇಜಾರಾಯ್ತು ಮೇಡಂ. ಅಂದ ಹಾಗೆ ಎರಡನೇ ಸೀಸನ್ ಓಕೆ ಆಗಿದೆ. ಈ ಸೌಂಡ್ ಹಳೇದಾಯ್ತು. ನಿಮ್ಮ ಮಾವನ ಹತ್ರ ಬೇರೆ ಏನಾದ್ರೂ ಇದ್ಯಾ?" ಆ ಮನುಷ್ಯ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ನಂಬರ್ ಅಳಿಸಿದೆ. ನಲವತ್ತು ಪುಟಗಳನ್ನು ಬಚ್ಚಲೊಲೆಗೆ ಹಾಕಿದೆ. ಒಂದು ಹಂಡೆ ನೀರು ಕಾಯಲಿಲ್ಲ ಅದರಲ್ಲಿ.

ಮೂರು ತಿಂಗಳು ಬಿಟ್ಟು, ಕಳೆದ ತಿಂಗಳು, ಮತ್ತೆ ಹೋದೆ. ಮಾವ ಮಂದೆಗೆ ಹೊಸ ಕೂಗು ಕಲಿಸುತ್ತಿದ್ದಾನೆ ಎಂದು ಅತ್ತೆ ಹೇಳಿದಳು. ಈ ವಯಸ್ಸಿನಲ್ಲಿ, ಊರಾಚೆ, ಗುಡ್ಡದ ಹಿಂದೆ, ರಸ್ತೆಗೆ ಕೇಳಿಸದಷ್ಟು ದೂರದಲ್ಲಿ. ಉಳಿದ ಕುರಿಗಳು ಆಗಾಗ ತಿರುಗಿ ನೋಡುತ್ತಿವೆಯಂತೆ. ಈ ಸಲ ಹುಟ್ಟಿದ ಮರಿಗಳು ಮಾತ್ರ ಕೂಗಿದ ತಕ್ಷಣ ಬರುತ್ತವಂತೆ. ಕೇಳಿ ಎದೆ ಹಗುರಾಯಿತು. ಗುಡ್ಡದ ಹಿಂದಕ್ಕೆ ಹೋದೆ. ಮಾವ ಬಂಡೆಯ ಮೇಲೆ ಕೂತಿದ್ದ, ಮಂದೆ ಕೆಳಗೆ ಜಾಲಿಯ ನೆರಳಲ್ಲಿತ್ತು. ಮಳೆ, ಮರಿ, ನನ್ನ ಶಾಲೆ, ಎಲ್ಲ ಮಾತಾಡಿದೆವು. ಹೊತ್ತಾಗುತ್ತ ಬಂತು, ಮಂದೆಯನ್ನು ನೀರಿಗೆ ಹೊಡೆಯುವ ಸಮಯ. ಅವನು ಎದ್ದು ನಿಂತ, ಕೂಗಲಿಲ್ಲ.

"ಇನ್ನ ಒಲ್ಡವ್ವ, ಬಸ್ ಬತ್ತದೆ" ಅಂದ.

"ಬಸ್ಸಿಗೆ ಇನ್ನೂ ಹೊತ್ತಿದೆ ಮಾವ. ನೀನು ಕೂಗು, ನಾನೂ ಕೆರೆವರ್ಗೂ ಬರ್ತೀನಿ."

ಅವನು ಊರಿನ ದಾರಿಯ ಕಡೆ ಕೈ ತೋರಿಸಿದ. ನನಗೆ ಅರ್ಥವಾಯಿತೆಂದುಕೊಂಡು ಚೀಲ ಬಿಚ್ಚಿ ತೋರಿಸಿದೆ. "ಫೋನ್ ತಂದಿಲ್ಲ ಮಾವ, ನೋಡು. ಮನೇಲೇ ಬಿಟ್ಟು ಬಂದಿದೀನಿ."

"ಫೋನಲ್ಲ ಕಣವ್ವ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬಿಸಿಲಿದೆ ತಲೆಗೆ ಸೆರಗು ಹಾಕ್ಕೊ ಅನ್ನುವ ಹಾಗೆ ಹೇಳಿದ. "ನೀ ಕೇಳಿಸ್ಕಂಡ್ರೆ ಬರ್ಕಂತೀಯ."

ನಾನು ನಡೆದೆ. ಗುಡ್ಡ ಹತ್ತಿ ತಿರುಗಿ ನೋಡಿದೆ. ಕುರಿಗಳು ಎದ್ದು ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದವು; ಅವನು ಬಾಯಿ ಮುಚ್ಚಿಕೊಂಡು ನನ್ನನ್ನು ನೋಡುತ್ತಿದ್ದ. ಇನ್ನೂ ದೂರ ಎಂದು ಕೈ ಬೀಸಿದ.